ಮುಧೋಳದಿಂದ ಬಳ್ಳಾರಿಗೆ ನಾಯಿಮರಿ: ಬಿಸಿಲೇರುವ ಮುಂಚೆ ಮನೆ ಸೇರಿಸಿ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ಬಳ್ಳಾರಿಯವರು. ಮುಧೋಳದ ಹತ್ತಿರದ ಒಂದು ಹಳ್ಳಿಯಲ್ಲಿ ಮುಧೋಳ ನಾಯಿಯ ಮರಿ ನೋಡಿ ಬಂದಿದ್ದೇವೆ. ಗಂಡುಮರಿ, ಈಗ 40 ದಿನ. ಮೇ ಮೊದಲ ಭಾನುವಾರ ಕಾರಿನಲ್ಲಿ ಹೋಗಿ ತರುವ ಯೋಚನೆ ಇದೆ. ನಾನು, ಯಜಮಾನರು, ಇಬ್ಬರು ಮಕ್ಕಳು, ನಮ್ಮ ಅತ್ತೆ ಎಲ್ಲರೂ ಹೋಗುತ್ತೇವೆ. ಬೆಳಗ್ಗೆ ಬಿಟ್ಟು, ಮಧ್ಯಾಹ್ನ ಮರಿ ತಗೊಂಡು, ಬರುವಾಗ ಕೂಡಲಸಂಗಮ ನೋಡಿ, ಇಳಕಲ್‌ನಲ್ಲಿ ಸೀರೆ ತಗೊಂಡು, ರಾತ್ರಿ ಹತ್ತರೊಳಗೆ ಮನೆ ಸೇರಬೇಕು ಅಂತ ಇದೆ. ಇಷ್ಟು ದೂರ ಮರಿ ತಡೆದುಕೊಳ್ಳುತ್ತಾ? ವಾಂತಿ ಆಗದ ಹಾಗೆ ಮಾತ್ರೆ ಕೊಡಬಹುದಾ? ತೊಡೆ ಮೇಲೆ ಇಟ್ಕೊಂಡರೆ ಸಾಕು ಅಂತಾರೆ ಅತ್ತೆ. ಯಜಮಾನರು ಪೆಟ್ಟಿಗೆ ಬೇಕು ಅಂತಾರೆ. ಮುಂದೆ ದಸರಾ ರಜೆಗೆ ಗೋಕರ್ಣಕ್ಕೂ ಕರಕೊಂಡು ಹೋಗೋಣ ಅಂತ ಮಕ್ಕಳ ಹಟ. ದಯವಿಟ್ಟು ತಿಳಿಸಿ.

ಉತ್ತರ: ಮರಿ ತರುವ ಮುಂಚೆಯೇ ಕೇಳಿದ್ದೀರಿ. ತುಂಬಾ ಒಳ್ಳೆಯದಾಯಿತು. ಈಗಲಾದರೆ ಎಲ್ಲವನ್ನೂ ಸರಿಪಡಿಸಿಕೊಳ್ಳಲು ಸಮಯ ಇದೆ.

ದೂರದ ಬಗ್ಗೆ ಚಿಂತೆ ಬಿಡಿ. ಮುಧೋಳದಿಂದ ಬಳ್ಳಾರಿಗೆ ಮುನ್ನೂರು ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಆರೋಗ್ಯವಾಗಿರುವ ಎರಡು ತಿಂಗಳ ಮರಿ ಇಷ್ಟು ದಾರಿಯನ್ನು ಬಹುಪಾಲು ನಿದ್ದೆಯಲ್ಲೇ ಕಳೆಯುತ್ತದೆ. ನನಗೆ ಭಯ ಆಗಿದ್ದು ನೀವು ಆರಿಸಿಕೊಂಡ ಹೊತ್ತು ನೋಡಿ. ಮೇ ತಿಂಗಳ ಮಧ್ಯಾಹ್ನ ಮರಿಯನ್ನು ಕಾರಿಗೆ ಹತ್ತಿಸಿ, ಎರಡು ಕಡೆ ಇಳಿದು, ಕಾರು ನಿಲ್ಲಿಸಿ ಹೋಗುವುದು. ಇದೊಂದನ್ನು ಮಾತ್ರ ಮಾಡಬೇಡಿ. ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ.

ನಮ್ಮ ಕಡೆ ಬೇಸಿಗೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಮೇನಲ್ಲಿ 40 ಡಿಗ್ರಿ ಮಾಮೂಲು. ನಮಗೆ ಮೈತುಂಬಾ ಬೆವರು ಬರುತ್ತದೆ, ಗಾಳಿ ಬಿದ್ದರೆ ತಂಪಾಗುತ್ತದೆ. ನಾಯಿಗೆ ಆ ಅನುಕೂಲ ಇಲ್ಲ. ಅದರ ಪಾದದ ಅಡಿಯ ಮೆತ್ತೆಗಳಲ್ಲಿ ಮಾತ್ರ ಸ್ವಲ್ಪ ಬೆವರು ಬರುತ್ತದೆ. ಮೈಯ ಬಿಸಿಯನ್ನು ಅದು ಹೊರಹಾಕುವುದು ನಾಲಿಗೆ ಚಾಚಿ ತೇಕುವುದರಿಂದ. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿ ಇದ್ದರೆ ತೇಕಿದರೂ ಅಷ್ಟು ಪ್ರಯೋಜನ ಆಗುವುದಿಲ್ಲ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ ಶುರು. ಮರಿಗಳಿಗೆ ಮೈ ಬಿಸಿಯನ್ನು ಹದದಲ್ಲಿ ಇಟ್ಟುಕೊಳ್ಳುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಮುಧೋಳ ನಾಯಿ ಬಿಸಿಲು ನಾಡಿನದು, ಅದಕ್ಕೇನೂ ಆಗಲ್ಲ ಅಂತ ಕೆಲವರು ಹೇಳಬಹುದು. ಬೆಳೆದ ನಾಯಿ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದು ನಿಜ. ಎರಡು ತಿಂಗಳ ಮರಿಗೆ, ಅದೂ ಮುಚ್ಚಿದ ಕಾರಿನಲ್ಲಿ, ಆ ಮಾತು ಹೊಂದುವುದಿಲ್ಲ.

ನಿಲ್ಲಿಸಿದ ಕಾರಿನ ಬಗ್ಗೆ ಬಹಳ ಜನಕ್ಕೆ ಅಂದಾಜಿಲ್ಲ. ಹೊರಗೆ 35 ಡಿಗ್ರಿ ಇದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ಅರ್ಧ ಗಂಟೆಯಲ್ಲಿ 50 ಮುಟ್ಟುತ್ತದೆ. ಏರುವ ಬಿಸಿಯಲ್ಲಿ ದೊಡ್ಡ ಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ. ಕಿಟಕಿಯ ಗಾಜನ್ನು ಎರಡು ಬೆರಳು ಇಳಿಸಿಟ್ಟರೂ ಏನೂ ವ್ಯತ್ಯಾಸ ಆಗುವುದಿಲ್ಲ. ಮರದ ನೆರಳು ನೋಡಿ ನಿಲ್ಲಿಸಿದರೂ ನೆರಳು ಸರಿಯುತ್ತದೆ. ಇಳಕಲ್‌ನ ಅಂಗಡಿಯಲ್ಲಿ ಸೀರೆ ಆರಿಸಲು ಹತ್ತು ನಿಮಿಷ ಸಾಕಾಗುತ್ತದಾ, ನೀವೇ ಹೇಳಿ. ಅಂಗಡಿಯವರು ಒಂದೊಂದೇ ಸೆರಗು ಬಿಡಿಸಿ ತೋರಿಸುತ್ತಾರೆ, ನೋಡುವವರಿಗೂ ಎದ್ದು ಬರಲು ಮನಸ್ಸಾಗುವುದಿಲ್ಲ.

ಅದಕ್ಕೇ ನನ್ನ ಸಲಹೆ ಇದು. ತಿರುಗಾಟವನ್ನೆಲ್ಲ ಹೋಗುವ ದಾರಿಯಲ್ಲಿ ಮುಗಿಸಿ. ಶನಿವಾರ ಬೆಳಗ್ಗೆ ಬಳ್ಳಾರಿ ಬಿಡಿ. ಇಳಕಲ್ ಮೊದಲು ಸಿಗುತ್ತದೆ, ಸೀರೆ ನಿಧಾನವಾಗಿ ನೋಡಿ. ಆಮೇಲೆ ಕೂಡಲಸಂಗಮ. ಅಮೀನಗಡದಲ್ಲಿ ಕರದಂಟು ತಗೊಳ್ಳಿ. ಸಂಜೆಗೆ ಮುಧೋಳ ಸೇರಿ ರಾತ್ರಿ ಅಲ್ಲೇ ಉಳಿಯಿರಿ. ಭಾನುವಾರ ಬೆಳಗಿನ ನಾಲ್ಕೂವರೆಗೆ ಮರಿ ಎತ್ತಿಕೊಂಡು ಹೊರಡಿ. ಮರಿ ಕೊಡುವವರಿಗೆ ಮುಂಚೆಯೇ ಹೇಳಿಡಿ. ರೈತರ ಮನೆ ಅಂದರೆ ಅಷ್ಟು ಹೊತ್ತಿಗೆ ಹೇಗೂ ಎದ್ದಿರುತ್ತಾರೆ. ನಡುನಡುವೆ ನಿಂತರೂ ಹತ್ತೂವರೆ ಹನ್ನೊಂದರೊಳಗೆ ನಿಮ್ಮ ಮನೆ ಬಾಗಿಲಲ್ಲಿರುತ್ತೀರಿ.

ಸಂಜೆ ಆರಕ್ಕೆ ಹೊರಟು ರಾತ್ರಿ ತಂಪಿನಲ್ಲಿ ಬರಬಹುದಲ್ಲ ಅಂತ ಕೇಳುತ್ತೀರಿ. ಬಿಸಿಲಿನ ಲೆಕ್ಕದಲ್ಲಿ ಅದೂ ಸರಿಯೇ. ಆದರೆ ಹೊಸಪೇಟೆಯಿಂದ ಬಳ್ಳಾರಿಯವರೆಗೆ, ಅದರಲ್ಲೂ ತೋರಣಗಲ್ಲು ಸುತ್ತಮುತ್ತ, ಅದಿರು ಮತ್ತು ಉಕ್ಕಿನ ಲಾರಿಗಳ ಸಾಲು ಇರುತ್ತದೆ. ದಿನವಿಡೀ ಓಡಾಡಿ ದಣಿದವರು ನಡುರಾತ್ರಿ ಆ ದಾರಿಯಲ್ಲಿ ಬರುವುದು ನನಗೆ ಸರಿ ಕಾಣುವುದಿಲ್ಲ. ಇನ್ನೊಂದು ಕಾರಣವೂ ಇದೆ. ಬೆಳಗ್ಗೆ ಮನೆ ಸೇರಿದ ಮರಿಗೆ ಮನೆಯ ವಾಸನೆ, ನಿಮ್ಮ ದನಿ, ನೀರಿನ ಬಟ್ಟಲು ಎಲ್ಲಿದೆ ಅನ್ನುವುದೆಲ್ಲ ತಿಳಿಯಲು ಇಡೀ ಹಗಲು ಸಿಗುತ್ತದೆ. ನಡುರಾತ್ರಿ ಕತ್ತಲ ಮನೆಗೆ ಬಂದಿಳಿದ ಮರಿ ಬೆಳಗಿನವರೆಗೆ ಅಳುತ್ತದೆ.

ಈಗ ವಯಸ್ಸಿನ ವಿಷಯ. 40 ದಿನಕ್ಕೆ ತಾಯಿಯಿಂದ ಬಿಡಿಸಬೇಡಿ. 56 ದಿನ, ಅಂದರೆ ಎಂಟು ವಾರ ತುಂಬಲಿ. ಎಂಟು ವಾರಕ್ಕಿಂತ ಚಿಕ್ಕ ಮರಿ ಮಾರಬಾರದು ಅಂತ ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮವೇ ಇದೆ. ಕಾನೂನು ಹಾಗಿರಲಿ, ಮರಿಗೆ ಅದರಿಂದ ಆಗುವ ಲಾಭ ದೊಡ್ಡದು. ಆರರಿಂದ ಎಂಟನೇ ವಾರದ ನಡುವೆ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತವೆ. ಜೋರಾಗಿ ಕಚ್ಚಿದರೆ ಆ ಕಡೆಯ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಎಷ್ಟು ಮೆಲ್ಲಗೆ ಬಾಯಿ ಹಾಕಬೇಕು ಅನ್ನುವುದನ್ನು ಮರಿ ಹೀಗೇ ಕಲಿಯುವುದು. ನಿಮ್ಮ ಮನೆಯಲ್ಲಿ ಮಕ್ಕಳಿದ್ದಾರೆ, ಈ ಪಾಠ ಅಲ್ಲೇ ಆಗಿ ಬರಲಿ. ಹಾಗಂತ ಮಳೆಗಾಲದವರೆಗೂ ಕಾಯಬೇಡಿ. ಮರಿ ಹೊಸ ಜನ, ಹೊಸ ಸದ್ದು, ಹೊಸ ಜಾಗಕ್ಕೆ ಸುಲಭವಾಗಿ ಹೊಂದಿಕೊಳ್ಳುವ ಕಾಲ ಸುಮಾರು ಮೂರೂವರೆ ತಿಂಗಳಿಗೆ ಮುಗಿಯುತ್ತಾ ಬರುತ್ತದೆ. ಮುಧೋಳ ನಾಯಿ ಹೊಸಬರನ್ನು ಕಂಡರೆ ಹಿಂದೆ ಸರಿಯುವ ತಳಿ. ಹೀಗಾಗಿ ಅದಕ್ಕೆ ಈ ಕಾಲ ಇನ್ನೂ ಮುಖ್ಯ. ಎಂಟೂವರೆ, ಒಂಬತ್ತು ವಾರಕ್ಕೆ ತನ್ನಿ.

ಅಷ್ಟರಲ್ಲಿ ಒಂದು ಕೆಲಸ ಆಗಬೇಕು. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆಯನ್ನು ಅಲ್ಲೇ ಹಾಕಿಸಲು ಹೇಳಿ. ಹಾಕಿಸಿ ಕನಿಷ್ಠ ಒಂದು ವಾರ ಆದ ಮೇಲೆ ಪ್ರಯಾಣ. ಲಸಿಕೆಯ ಪುಸ್ತಕ ಕೈಯಲ್ಲೇ ಕೊಡಬೇಕು. ಅದರಲ್ಲಿ ಲಸಿಕೆ ಬಾಟಲಿಯ ಚೀಟಿ ಅಂಟಿಸಿ, ತಾರೀಖು ಬರೆದು, ಡಾಕ್ಟರ ಸಹಿ ಇರಬೇಕು. ‘ಹಾಕಿಸಿದ್ದೀವಿ ಬಿಡ್ರಿ’ ಅನ್ನುವ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜಂತುಹುಳದ ಔಷಧಿ ಯಾವಾಗ, ಯಾವುದು ಕೊಟ್ಟರು ಅಂತಲೂ ಬರೆಸಿಕೊಳ್ಳಿ. ಎರಡನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಅದು ಆಗಿರಬೇಕು. ಮುಧೋಳ ಪಕ್ಕದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಕೆಲಸವೇ ಈ ತಳಿಯದು. ತಳಿಯ ಬಗ್ಗೆ ಅನುಮಾನ ಇದ್ದರೆ ಶನಿವಾರ ಹೋಗುವ ಮುಂಚೆ ಅವರನ್ನು ವಿಚಾರಿಸಬಹುದು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ತಂದಿತ್ತು, ಸೇನೆಯೂ ಮೀರತ್‌ಗೆ ಮರಿಗಳನ್ನು ಒಯ್ದು ತರಬೇತಿ ಕೊಟ್ಟಿತು. ಆಮೇಲೆ ಬೇಡಿಕೆ ಜಾಸ್ತಿಯಾಗಿ ಬೆರಕೆ ಮರಿಗಳೂ ಅದೇ ಹೆಸರಲ್ಲಿ ಮಾರಾಟವಾಗುತ್ತಿವೆ. ತಾಯಿನಾಯಿಯನ್ನು ಕಣ್ಣಾರೆ ನೋಡದೆ ಹಣ ಕೊಡಬೇಡಿ.

ತರುವ ದಿನ ಮರಿ ಮಂಕಾಗಿದ್ದರೆ, ಮೂಗು ಸೋರುತ್ತಿದ್ದರೆ, ಭೇದಿ ಇದ್ದರೆ ಕಾರಿಗೆ ಹತ್ತಿಸಬೇಡಿ. ಅಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದು ಕಷ್ಟ, ನನಗೆ ಗೊತ್ತು. ಮಕ್ಕಳು ಅಳುತ್ತಾರೆ. ಆದರೂ ಕಾಯಿಲೆ ಬಿದ್ದ ಮರಿಗೆ ಆರು ಗಂಟೆಯ ಪ್ರಯಾಣ ತಡೆಯುವುದಿಲ್ಲ. ಅದಕ್ಕೆ ಅಲ್ಲೇ ಚಿಕಿತ್ಸೆ ಆಗಲಿ, ವಾರ ಬಿಟ್ಟು ಮತ್ತೆ ಹೋಗಿ.

ತೊಡೆಯೋ ಪೆಟ್ಟಿಗೆಯೋ? ಈ ವಿಷಯದಲ್ಲಿ ನಾನು ನಿಮ್ಮ ಯಜಮಾನರ ಕಡೆ. ಅತ್ತೆಯವರ ಪ್ರೀತಿ ಅರ್ಥವಾಗುತ್ತದೆ. ಆದರೆ ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂದು ಗಕ್ಕನೆ ಬ್ರೇಕ್ ಹಾಕಿದರೆ ತೊಡೆ ಮೇಲಿನ ಮರಿ ಮುಂದಿನ ಸೀಟಿಗೆ ಹೋಗಿ ಬಡಿಯುತ್ತದೆ. ಹಿಡಿದುಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಮುಂದಿನ ಸೀಟಿನಲ್ಲಂತೂ ಕೂರಿಸಲೇಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದರ ಹೊಡೆತಕ್ಕೇ ಮರಿ ಸಾಯಬಹುದು. ಮರಿ ಡ್ರೈವರ್ ಕಾಲಡಿಗೆ, ಬ್ರೇಕ್ ಪೆಡಲ್ ಹತ್ತಿರ ನುಸುಳಿ ಆದ ಅಪಘಾತಗಳೂ ಇವೆ.

ಪೆಟ್ಟಿಗೆಗೆ ಜಾಸ್ತಿ ಖರ್ಚು ಮಾಡಬೇಕಾಗಿಲ್ಲ. ಸಾಕುಪ್ರಾಣಿ ಅಂಗಡಿಯ ಪ್ಲಾಸ್ಟಿಕ್ ಗೂಡು ಇದ್ದರೆ ಸರಿ. ಇಲ್ಲದಿದ್ದರೆ ತರಕಾರಿ ಮಾರ್ಕೆಟ್‌ನಲ್ಲಿ ಬಳಸುವ ತೂತಿನ ಕ್ರೇಟ್ ಎರಡು ತಂದು, ಒಂದರ ಮೇಲೊಂದು ಬೋರಲು ಹಾಕಿ, ನಾಲ್ಕೂ ಕಡೆ ಗಟ್ಟಿಯಾಗಿ ಕಟ್ಟಿ. ಎಲ್ಲ ಕಡೆಯಿಂದ ಗಾಳಿ ಆಡುತ್ತದೆ. ಮರಿ ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಜಾಗ ಇರಬೇಕು. ಅದಕ್ಕಿಂತ ದೊಡ್ಡದು ಬೇಡ, ತಿರುವಿನಲ್ಲಿ ಒಳಗೇ ಉರುಳಾಡುತ್ತದೆ. ತಳಕ್ಕೆ ಪೇಪರ್, ಅದರ ಮೇಲೆ ಹಳೆಯ ಕಾಟನ್ ಸೀರೆಯ ಮಡಿಕೆ. ಪೆಟ್ಟಿಗೆ ಅಲುಗಾಡದ ಹಾಗೆ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಬಿಗಿಯಿರಿ. ಡಿಕ್ಕಿಯಲ್ಲಿ ಇಡಬೇಡಿ. ಅಲ್ಲಿಗೆ ಎಸಿ ಗಾಳಿ ಸರಿಯಾಗಿ ಮುಟ್ಟುವುದಿಲ್ಲ, ಮರಿಗೆ ಏನಾಗುತ್ತಿದೆ ಅಂತ ನಿಮಗೂ ಕಾಣುವುದಿಲ್ಲ.

ಪೆಟ್ಟಿಗೆಯನ್ನು ಡ್ರೈವರ್ ಹಿಂದುಗಡೆ, ಅಂದರೆ ಬಲಬದಿಯಲ್ಲಿ ಇಡಿ. ಕಾರಣ ಇದೆ. ಮುಧೋಳದಿಂದ ಬಾಗಲಕೋಟೆ, ಹುನಗುಂದದವರೆಗೆ ದಾರಿ ಪೂರ್ವಕ್ಕೆ ಬರುತ್ತದೆ, ಆ ಹೊತ್ತಿಗೆ ಬಿಸಿಲು ಇರುವುದಿಲ್ಲ ಅಥವಾ ಎದುರಿಗೆ ಎಳೆ ಬಿಸಿಲು ಇರುತ್ತದೆ. ಇಳಕಲ್ ದಾಟಿ ಕುಷ್ಟಗಿ, ಹಿಟ್ನಾಳ, ಹೊಸಪೇಟೆಯವರೆಗೆ 50ನೇ ರಾಷ್ಟ್ರೀಯ ಹೆದ್ದಾರಿ ದಕ್ಷಿಣಕ್ಕೆ ಇಳಿಯುತ್ತದೆ. ಆಗ ಬೆಳಗಿನ ಬಿಸಿಲು ಪೂರ್ತಿ ಎಡಗಡೆಯ ಕಿಟಕಿಯಿಂದ ಬೀಳುತ್ತದೆ. ನೀವು ಎಡಗಡೆ ಕೂತು, ಕಿಟಕಿಗೆ ಒಂದು ಟವೆಲ್ ಸಿಕ್ಕಿಸಿಕೊಂಡರೆ ಮರಿಗೆ ಬಿಸಿಲು ತಾಗುವುದಿಲ್ಲ. ಎಸಿ 24–25ರಲ್ಲಿ ಇರಲಿ. ಗಾಳಿ ನೇರವಾಗಿ ಪೆಟ್ಟಿಗೆಗೆ ಹೊಡೆಯಬಾರದು. ಮುಧೋಳ ಮರಿಗೆ ಚರ್ಮ ತೆಳು, ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ. ತಣ್ಣನೆ ಗಾಳಿ ಎದುರಿಗೇ ಬೀಸಿದರೆ ನಡುಗುತ್ತದೆ.

ಶನಿವಾರ ಸಂಜೆಯೇ ಈ ಪೆಟ್ಟಿಗೆಯನ್ನು ಮರಿ ಇರುವ ಮನೆಯಲ್ಲಿ ಬಾಗಿಲು ತೆರೆದು ಇಟ್ಟು ಬನ್ನಿ. ಒಳಗೆ ಹಾಸಿದ ಬಟ್ಟೆಯ ಮೇಲೆ ತಾಯಿ, ಒಡಹುಟ್ಟಿದ ಮರಿಗಳು ಮಲಗಿ ಎದ್ದರೆ ಅದಕ್ಕೆ ಅವುಗಳ ವಾಸನೆ ಹಿಡಿಯುತ್ತದೆ. ಮಾರನೇ ದಿನ ಮರಿ ಅದೇ ವಾಸನೆಯಲ್ಲಿ ಪ್ರಯಾಣ ಮಾಡುತ್ತದೆ. ಇದರಿಂದ ಆಗುವ ಸಹಾಯ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಆ ಬಟ್ಟೆಯನ್ನು ಮನೆಗೆ ಬಂದ ಮೇಲೂ ಒಂದು ವಾರ ಒಗೆಯಬೇಡಿ, ಉಚ್ಚೆ ಆಗಿದ್ದರೆ ಮಾತ್ರ ಬದಲಿಸಿ.

ಹೊರಟ ಮೊದಲ ಇಪ್ಪತ್ತು ಮೂವತ್ತು ನಿಮಿಷ ಮರಿ ಅಳಬಹುದು. ಲೋಕಾಪುರ ಬರುವ ಹೊತ್ತಿಗೆ ಬಹುತೇಕ ಸುಮ್ಮನಾಗುತ್ತದೆ. ಅತ್ತಾಗಲೆಲ್ಲ ಎತ್ತಿ ಹೊರಗೆ ತೆಗೆಯಬೇಡಿ. ತೂತಿನಲ್ಲಿ ಬೆರಳು ಇಟ್ಟು ಮೆಲ್ಲಗೆ ಮಾತಾಡಿಸಿ ಸಾಕು. ಹಾಡು ಸಣ್ಣ ದನಿಯಲ್ಲಿ ಇರಲಿ.

ವಾಂತಿಗೆ ಬರೋಣ. ಮರಿಗಳಿಗೆ ಒಳಕಿವಿಯಲ್ಲಿರುವ, ಮೈಯ ತೂಕ ಸಮತೋಲ ನೋಡಿಕೊಳ್ಳುವ ಭಾಗ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅದಕ್ಕೇ ದೊಡ್ಡ ನಾಯಿಗಿಂತ ಮರಿಗಳು ಕಾರಿನಲ್ಲಿ ಜಾಸ್ತಿ ವಾಂತಿ ಮಾಡುತ್ತವೆ. ವರ್ಷ ತುಂಬುವುದರೊಳಗೆ ಹೆಚ್ಚಿನವಕ್ಕೆ ಇದು ತಾನಾಗಿ ಹೋಗುತ್ತದೆ. ವಾಂತಿ ಆಗುವ ಮುಂಚೆ ಗುರುತು ಸಿಗುತ್ತದೆ. ಜೊಲ್ಲು ಸುರಿಯುತ್ತದೆ, ಪದೇ ಪದೇ ತುಟಿ ನೆಕ್ಕುತ್ತದೆ, ಆಕಳಿಸುತ್ತದೆ. ಆಗ ಕಾರನ್ನು ನಿಧಾನ ಮಾಡಿ, ಕಿಟಕಿ ಸ್ವಲ್ಪ ಇಳಿಸಿ. ಬೆಳಗಿನ ಗಾಳಿ ತಂಪಾಗಿಯೇ ಇರುತ್ತದೆ. ಒಂದೆರಡು ಸಲ ವಾಂತಿ ಆಗಿ, ಮರಿ ಆಮೇಲೆ ಚುರುಕಾಗಿದ್ದರೆ ಗಾಬರಿ ಬೇಡ.

ಮಾತ್ರೆ ಕೊಡಬೇಡಿ. ನಾವು ಬಸ್ಸಿನಲ್ಲಿ ನುಂಗುವ ವಾಂತಿ ಮಾತ್ರೆಯನ್ನು ಅರ್ಧ, ಕಾಲು ಅಂತ ಅಂದಾಜಿನಲ್ಲಿ ಮರಿಗೆ ಕೊಡುವವರಿದ್ದಾರೆ. ಅಷ್ಟು ಚಿಕ್ಕ ಮೈಗೆ ಪ್ರಮಾಣ ತಪ್ಪಿದರೆ ಅಪಾಯ. ನಾಯಿಗಳ ಪ್ರಯಾಣದ ವಾಂತಿಗೆಂದೇ ಇರುವ ಮಾರೋಪಿಟಂಟ್ ಎಂಬ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದೂ ನಾಲ್ಕು ತಿಂಗಳು ತುಂಬಿದ ಮೇಲೆಯೇ. ಗೋಕರ್ಣದ ಹೊತ್ತಿಗೆ ಅದನ್ನು ಬಳಸಬಹುದು, ಈಗ ಬೇಡ. ನಿದ್ದೆ ಬರಿಸುವ ಔಷಧಿಯನ್ನಂತೂ ಕೇಳಲೇಬೇಡಿ. ಮಂಪರಿನಲ್ಲಿರುವ ಮರಿಗೆ ಮೈ ಬಿಸಿಯನ್ನು ಹಿಡಿತದಲ್ಲಿ ಇಡಲು ಇನ್ನೂ ಕಷ್ಟ.

ವಾಂತಿ ತಡೆಯುವ ಸುಲಭ ದಾರಿ ಹೊಟ್ಟೆಯ ಲೆಕ್ಕ ಇಡುವುದು. ಹಿಂದಿನ ರಾತ್ರಿ ಎಂಟು ಒಂಬತ್ತಕ್ಕೆ ಮಾಮೂಲಿ ಊಟ. ಹೊರಡುವಾಗ ಏನೂ ಬೇಡ, ಎರಡು ಗುಟುಕು ನೀರು ಸಾಕು. ಹಾಗಂತ ಮನೆ ಸೇರುವವರೆಗೆ ಖಾಲಿ ಹೊಟ್ಟೆಯಲ್ಲೂ ಇಡಬಾರದು. ಚಿಕ್ಕ ಮರಿಗೆ ತುಂಬಾ ಹೊತ್ತು ತಿನ್ನದಿದ್ದರೆ ರಕ್ತದ ಸಕ್ಕರೆ ಇಳಿದು ತೂರಾಡುತ್ತದೆ, ನಡುಗುತ್ತದೆ. ಇಳಕಲ್ ಸುತ್ತಮುತ್ತ, ಏಳೂವರೆ ಎಂಟರ ಹೊತ್ತಿಗೆ, ಮಾಮೂಲಿ ಊಟದ ಕಾಲುಭಾಗ ಕೊಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಹೊರಡಿ. ಒಂದು ಸಣ್ಣ ಬಾಟಲಿಯಲ್ಲಿ ಜೇನುತುಪ್ಪ ಇಟ್ಟುಕೊಳ್ಳಿ. ಮರಿ ತೂಕಡಿಸಿ ತೂರಾಡುತ್ತಿದೆ ಅನಿಸಿದರೆ ಬೆರಳಿಗೆ ಹಚ್ಚಿಕೊಂಡು ಒಸಡಿಗೆ ಸವರಿ, ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ಜೋಳದ ಗಂಜಿಯೋ, ನುಚ್ಚೋ, ಮೊಟ್ಟೆಯೋ, ಅದೇ ಇರಲಿ. ಊಟ, ಊರು, ನೀರು ಎಲ್ಲ ಒಂದೇ ದಿನ ಬದಲಾದರೆ ಭೇದಿ ಖಂಡಿತ. ಮನೆಗೆ ಬಂತು ಅಂತ ಖುಷಿಯಲ್ಲಿ ಬಟ್ಟಲು ತುಂಬಾ ಹಸುವಿನ ಹಾಲು ಇಡುವುದೂ ಬೇಡ.

ಕರದಂಟು ಅಂದೆನಲ್ಲ, ಅದನ್ನು ಮಕ್ಕಳ ಕೈಗೆ ಮರಿಯ ಎದುರು ಕೊಡಬೇಡಿ. ಒಣದ್ರಾಕ್ಷಿ ಹಾಕಿದ ಕರದಂಟು ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಚಾಕೊಲೇಟ್ ಕೂಡ ವಿಷ. ದಾರಿಯಲ್ಲಿ ತಗೊಳ್ಳುವ ಒಗ್ಗರಣಿ ಮಿರ್ಚಿಯಲ್ಲಿ ಈರುಳ್ಳಿ ಇರುತ್ತದೆ, ಅದೂ ನಾಯಿಗೆ ಆಗುವುದಿಲ್ಲ.

ಒಂದೂವರೆ, ಎರಡು ಗಂಟೆಗೊಮ್ಮೆ ನಿಲ್ಲಿಸಿ. ಆದರೆ ಮರಿಯನ್ನು ಡಾಬಾ ಮುಂದಿನ ಮಣ್ಣಿನ ಮೇಲೆ ಬಿಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಪಾರ್ವೊ ಅನ್ನುವ ವೈರಸ್ ರೋಗ ಇದೆ. ರಕ್ತಭೇದಿ, ವಾಂತಿ ಶುರುವಾಗಿ ಎರಡು ಮೂರು ದಿನದಲ್ಲಿ ಮರಿ ಸಾಯಬಹುದು. ಕಾಯಿಲೆ ನಾಯಿಯ ಮಲದಿಂದ ಆ ವೈರಸ್ ಮಣ್ಣಿಗೆ ಸೇರಿ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಊರ ನಾಯಿಗಳು ಸದಾ ಓಡಾಡುವ ಜಾಗ ಅಂದರೆ ಡಾಬಾ, ಪೆಟ್ರೋಲ್ ಬಂಕ್, ಬಸ್ ನಿಲ್ದಾಣದ ಅಂಚು. ಒಂದೇ ಲಸಿಕೆ ಆದ ಮರಿಗೆ ಪೂರ್ತಿ ರಕ್ಷಣೆ ಸಿಕ್ಕಿರುವುದಿಲ್ಲ. ನೀವು ನಿಂತಾಗ ಕಾರಿನ ಡಿಕ್ಕಿಯಲ್ಲೋ ಹಿಂದಿನ ಸೀಟಿನಲ್ಲೋ ದಪ್ಪಗೆ ಪೇಪರ್ ಹಾಸಿ ಅದರ ಮೇಲೆ ಉಚ್ಚೆ ಮಾಡಿಸಿ. ತಾಯಿ ಮಲಗಿದ್ದ ಜಾಗದ ಒಂದು ಹಿಡಿ ಹುಲ್ಲನ್ನೋ ಬಟ್ಟೆ ಚೂರನ್ನೋ ಆ ಪೇಪರ್ ಮೇಲೆ ಇಟ್ಟರೆ ಬೇಗ ಮಾಡುತ್ತದೆ. ಬಾಗಿಲು ತೆಗೆಯುವ ಮುಂಚೆ ಮರಿಗೆ ಕೊರಳಪಟ್ಟಿ, ಹಗ್ಗ ಹಾಕಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳಿ. ಬೇಟೆ ತಳಿ, ಕಾಲು ಉದ್ದ. ಎರಡು ತಿಂಗಳಿಗೇ ಕೈಯಿಂದ ಜಾರಿ ಹೆದ್ದಾರಿಗೆ ಓಡಿಬಿಡುತ್ತದೆ.

ದಾರಿಯಲ್ಲಿ ಎಸಿ ಕೆಟ್ಟರೆ? ಎಂಟಕ್ಕೆ ಮುಂಚೆ ಆದರೆ ಕಿಟಕಿ ಇಳಿಸಿ ಹಾಗೇ ಬನ್ನಿ. ಒಂಬತ್ತರ ಮೇಲೆ ಆದರೆ ಹೊಸಪೇಟೆಯಲ್ಲಿ ಯಾರಾದರೂ ನೆಂಟರ ಮನೆಯಲ್ಲೋ ಲಾಡ್ಜ್‌ನಲ್ಲೋ ಸಂಜೆವರೆಗೆ ಉಳಿದು ಹೊರಡಿ. ಮರಿ ತುಂಬಾ ಜೋರಾಗಿ ತೇಕುತ್ತಿದ್ದರೆ, ಜೊಲ್ಲು ಅಂಟಂಟಾಗಿದ್ದರೆ, ಒಸಡು ಕೆಂಪು ಕೆಂಪಾಗಿದ್ದರೆ, ಕಾಲು ತಡವರಿಸಿದರೆ ಬಿಸಿಲು ಹೊಡೆದಿದೆ ಅಂತ ಅರ್ಥ. ಆ ಕ್ಷಣವೇ ನೆರಳಿಗೆ ತಂದು ಮಾಮೂಲಿ ನೀರನ್ನು ಹೊಟ್ಟೆ, ತೊಡೆಸಂದು, ಪಾದ, ಬೆನ್ನಿನ ಮೇಲೆ ಸುರಿಯುತ್ತಾ ಇರಿ. ಪೇಪರಿನಿಂದಲಾದರೂ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಕೂರುತ್ತದೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಓಡಿ. ಚೇತರಿಸಿಕೊಂಡಂತೆ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ಒಳಗಿನ ಅಂಗಗಳಿಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಗೊತ್ತಾಗುತ್ತದೆ. ಬಾಗಲಕೋಟೆ, ಕುಷ್ಟಗಿ, ಹೊಸಪೇಟೆಯ ಪಶುವೈದ್ಯರ ನಂಬರುಗಳನ್ನು ಹೊರಡುವ ಮುಂಚೆ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಇದಕ್ಕಾಗಿ ಕಾರಿನಲ್ಲಿ ಐದು ಲೀಟರ್ ನೀರಿನ ಕ್ಯಾನ್ ಒಂದು ಇರಲಿ.

ಯಾರು ಯಾರು ಹೋಗಬೇಕು ಅನ್ನುವುದು ನಿಮ್ಮ ಮನೆಯ ತೀರ್ಮಾನ. ಆದರೂ ಹೇಳುತ್ತೇನೆ. ಐದು ಜನ ಕೂತ ಮೇಲೆ ಪೆಟ್ಟಿಗೆಗೆ ಜಾಗ ಉಳಿಯುವುದಿಲ್ಲ. ನಿಮ್ಮದು ಏಳು ಸೀಟಿನ ಗಾಡಿ ಅಲ್ಲದಿದ್ದರೆ ನೀವಿಬ್ಬರೇ ಹೋಗಿ ಬನ್ನಿ. ಮನೆಯಲ್ಲಿ ಮರಿಯ ಜಾಗ ಸಿದ್ಧ ಮಾಡುವ ಕೆಲಸವನ್ನು ಮಕ್ಕಳಿಗೆ, ಅತ್ತೆಗೆ ಒಪ್ಪಿಸಿ. ಮೂಲೆಯಲ್ಲಿ ಗೋಣಿಚೀಲ, ನೀರಿನ ಬಟ್ಟಲು. ಕೂಲರ್ ಗಾಳಿ ನೇರವಾಗಿ ಬೀಳದ, ಆದರೆ ತಂಪು ತಲುಪುವ ಜಾಗ. ನೆಲದ ಮೇಲೆ ಬಿದ್ದ ಚಪ್ಪಲಿ, ವೈರು, ಇಲಿ ಪಾಷಾಣ ಎಲ್ಲ ಮೇಲಕ್ಕೆ. ಮರಿ ಬಂದಾಗ ಬೀದಿಯವರೆಲ್ಲ ಒಟ್ಟಿಗೆ ಮುತ್ತಿಕೊಳ್ಳದಂತೆ ನೋಡಿಕೊಳ್ಳುವ ಜವಾಬ್ದಾರಿ ಅತ್ತೆಯವರಿಗೆ ಕೊಡಿ, ಅವರ ಮಾತನ್ನು ಎಲ್ಲರೂ ಕೇಳುತ್ತಾರೆ.

ಹನ್ನೊಂದಕ್ಕೆ ಬಂದಿಳಿದಾಗ ಅಂಗಳದ ಕಡಪ ಕಲ್ಲಿನ ಮೇಲೆ ಮರಿಯನ್ನು ಇಳಿಸಬೇಡಿ. ಕೈಯ ಹಿಂಬದಿಯನ್ನು ಕಲ್ಲಿಗೆ ಏಳು ಸೆಕೆಂಡ್ ಒತ್ತಿ ನೋಡಿ. ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು. ಎತ್ತಿಕೊಂಡೇ ಒಳಗೆ ತನ್ನಿ. ಸ್ನಾನ ಮಾಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಳ ಇದೆಯಾ ನೋಡಿ, ಇದ್ದರೆ ಚಿಮಟದಿಂದ ತೆಗೆಯಿರಿ. ದನಕ್ಕೆ ಹಚ್ಚುವ ಉಣ್ಣೆ ಔಷಧಿಯನ್ನು ಮರಿಗೆ ಹಚ್ಚಿ ಮರಿಗಳು ಸತ್ತಿವೆ, ಅದು ಮಾತ್ರ ಬೇಡ. ಮೊದಲ ಕೆಲವು ರಾತ್ರಿ ಅದೇ ಪೆಟ್ಟಿಗೆಯನ್ನು ನಿಮ್ಮ ಹಾಸಿಗೆ ಪಕ್ಕದಲ್ಲೇ ಇಡಿ. ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಉಚ್ಚೆಗೆ ಕರೆದೊಯ್ಯಬೇಕಾಗುತ್ತದೆ.

ಎರಡು ಮೂರು ದಿನದೊಳಗೆ ಪಶುವೈದ್ಯರಿಗೆ ತೋರಿಸಿ. ಮರಿಯನ್ನು ಆಸ್ಪತ್ರೆಯ ನೆಲಕ್ಕೆ ಬಿಡದೆ ಎತ್ತಿಕೊಂಡೇ ಇರಿ. ಪಾರ್ವೊ ಮೈಗೆ ಹೊಕ್ಕ ಮೇಲೆ ಸಾಮಾನ್ಯವಾಗಿ ವಾರದೊಳಗೆ, ಕೆಲವೊಮ್ಮೆ ಎರಡು ವಾರಕ್ಕೆ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಮೊದಲ ಹದಿನೈದು ದಿನ ಊಟ ಬಿಟ್ಟರೆ, ವಾಂತಿ ಭೇದಿ ಆದರೆ ನಾಳೆ ನೋಡೋಣ ಅನ್ನಬೇಡಿ. ಮುಂದಿನ ಲಸಿಕೆಗಳು ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಈ ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿಯ ನಡಿಗೆ ಬೇಡ. ಎತ್ತಿಕೊಂಡು ಹೊರಗೆ ಸುತ್ತಾಡಿಸಿ, ಜನ, ಆಟೊ, ಮೈಕ್ ಎಲ್ಲವನ್ನೂ ನೋಡಲಿ, ಕೇಳಲಿ.

ಗೋಕರ್ಣ ಧಾರಾಳವಾಗಿ ಹೋಗಬಹುದು. ದಸರಾ ಹೊತ್ತಿಗೆ ಮರಿಗೆ ಆರು ಏಳು ತಿಂಗಳಾಗಿರುತ್ತದೆ, ಬಿಸಿಲೂ ಇಳಿದಿರುತ್ತದೆ. ಆದರೆ ಅಭ್ಯಾಸ ಈಗಿನಿಂದ ಆಗಬೇಕು. ಮನೆಗೆ ಬಂದ ವಾರದೊಳಗೆ, ಇಂಜಿನ್ ಬಂದ್ ಇರುವ ಕಾರಿನಲ್ಲಿ ಕೂರಿಸಿ ತಿಂಡಿ ಕೊಡಿ. ಆಮೇಲೆ ಇಂಜಿನ್ ಚಾಲು ಮಾಡಿ ಕೂರಿಸಿ. ಆಮೇಲೆ ಐದು ನಿಮಿಷದ ಸುತ್ತು. ಕಾರು ಅಂದರೆ ಬರೀ ಸೂಜಿ ಚುಚ್ಚಿಸಲು ಹೋಗುವುದು ಅಂತ 
ಅದಕ್ಕೆ ಅನಿಸಬಾರದು. ದಾರಿಯಲ್ಲಿ ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟಿನ ತಿರುವುಗಳಿವೆ, ವಾಂತಿ ಆಗುವುದು ಅಲ್ಲೇ. ಹಿಂದಿನ ವಾರವೇ ನಿಮ್ಮ ಡಾಕ್ಟರಿಂದ ತೂಕಕ್ಕೆ ತಕ್ಕ ಮಾರೋಪಿಟಂಟ್ ಬರೆಸಿಕೊಳ್ಳಿ. ಆ ಕಾಡಿನಲ್ಲಿ ಉಣ್ಣೆ ಜಾಸ್ತಿ, ಅದಕ್ಕೂ ಔಷಧಿ ಕೇಳಿ. ಸಮುದ್ರದ ನೀರು ಕುಡಿಯಲು ಬಿಡಬೇಡಿ, ಭೇದಿ ಆಗುತ್ತದೆ. ಉಳಿಯುವ ಕಡೆ ನಾಯಿ ಬಿಡುತ್ತಾರಾ ಅಂತ ಫೋನಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ರೇಬೀಸ್ ಪುಟ ಇರುವ ಲಸಿಕೆ ಪುಸ್ತಕವನ್ನು ಜೊತೆಗೆ ಒಯ್ಯಿರಿ, ಕೆಲವು ಕಡೆ ಅದನ್ನು ನೋಡಿಯೇ ರೂಮು ಕೊಡುತ್ತಾರೆ.